ಒಬ್ಬ ಯೋಧ, ಎರಡು ಊರಿನ ಮಣ್ಣು

ಜಾರ್ಖಂಡಿನ ರಾಜಧಾನಿ ರಾಂಚಿಯ ನಡುವೆ ಆಲ್ಬರ್ಟ್ ಎಕ್ಕಾ ಚೌಕವಿದೆ. ದಿನವೂ ಸಾವಿರಾರು ಜನ ಅದನ್ನು ದಾಟಿ ಹೋಗುತ್ತಾರೆ. ಆ ಹೆಸರಿನ ಮನುಷ್ಯನ ಬದುಕನ್ನು ಅರಸಿ ಹೊರಟರೆ ನಾವು ತಲುಪುವುದು ದೂರದೂರದ ಎರಡು ಊರುಗಳನ್ನು. ಒಂದು ಆತ ಹುಟ್ಟಿದ ಊರು. ಇನ್ನೊಂದು ಆತ ಮಣ್ಣಾದ ಊರು.

ಇಂದಿನ ಗುಮ್ಲಾ ಜಿಲ್ಲೆಯ ಜಾರಿ ಎಂಬ ಹಳ್ಳಿಯಲ್ಲಿ, ಓರಾಂವ್ ಬುಡಕಟ್ಟಿನ ಕ್ರೈಸ್ತ ಕುಟುಂಬವೊಂದರಲ್ಲಿ, 1942ರ ಡಿಸೆಂಬರ್ 27ರಂದು ಆಲ್ಬರ್ಟ್ ಜನಿಸಿದರು. ಕಾಡಿನ ಮಡಿಲಲ್ಲಿ ಬೆಳೆದ ಹುಡುಗನಿಗೆ ಬೇಟೆ ಸಹಜವಾಗಿ ಒಲಿದಿತ್ತು. ನೆಲದ ಏರಿಳಿತವನ್ನು ಅರಿತು, ಸದ್ದಿಲ್ಲದೆ ತೆವಳುವ ಆ ಕಲೆ ಮುಂದೆ ಸೈನ್ಯದಲ್ಲಿ ಕೈಹಿಡಿಯಿತು. 1962ರಲ್ಲಿ, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದಂದೇ, ಅವರು ಬಿಹಾರ ರೆಜಿಮೆಂಟ್ ಸೇರಿದರು. 1968ರಲ್ಲಿ ಗಾರ್ಡ್ಸ್ ದಳದ 14ನೆಯ ಬೆಟಾಲಿಯನ್ ರಚನೆಯಾದಾಗ ಅಲ್ಲಿಗೆ ವರ್ಗವಾದರು.

1971ರ ಡಿಸೆಂಬರ್ 3. ಗಂಗಾಸಾಗರ ಎಂದೊಡನೆ ಬಂಗಾಳದ ತೀರ್ಥಕ್ಷೇತ್ರ ನಿಮ್ಮ ನೆನಪಿಗೆ ಬರಬಹುದು. ಇದು ಅದಲ್ಲ; ತ್ರಿಪುರಾದ ಅಗರ್ತಲಕ್ಕೆ ಸಮೀಪದಲ್ಲಿ, ಗಡಿಯಾಚೆ ಅಂದಿನ ಪೂರ್ವ ಪಾಕಿಸ್ತಾನದಲ್ಲಿದ್ದ ರೈಲು ನಿಲ್ದಾಣ. ಅಲ್ಲಿ ಶತ್ರುಗಳು ಬಲವಾದ ಬಂಕರುಗಳನ್ನು ಕಟ್ಟಿಕೊಂಡಿದ್ದರು. ದಾಳಿಯಲ್ಲಿ ಒಂದು ಮೆಷಿನ್ ಗನ್ ತನ್ನ ಸಂಗಡಿಗರನ್ನು ಉರುಳಿಸುತ್ತಿರುವುದನ್ನು ಕಂಡ ಲ್ಯಾನ್ಸ್ ನಾಯಕ್ ಎಕ್ಕಾ ಬಂಕರಿಗೆ ನುಗ್ಗಿ ಅದನ್ನು ಅಡಗಿಸಿದರು. ತೀವ್ರವಾಗಿ ಗಾಯಗೊಂಡರೂ ಹಿಂದೆ ಸರಿಯಲಿಲ್ಲ. ಮುಂದೆ ಒಂದು ಕಟ್ಟಡದ ಮಹಡಿಯಿಂದ ಮತ್ತೊಂದು ಮೆಷಿನ್ ಗನ್ ಗುಂಡಿನ ಮಳೆಗರೆಯತೊಡಗಿತು. ತೆವಳಿಕೊಂಡೇ ಹೋಗಿ ಕೈಬಾಂಬ್ ಎಸೆದರು, ಗನ್ ನಿಲ್ಲಲಿಲ್ಲ. ಆಗ ಪಕ್ಕದ ಗೋಡೆಯನ್ನೇರಿ ಒಳಗೆ ಇಳಿದು ಅದನ್ನು ಮೌನಗೊಳಿಸಿದರು. ಗಂಗಾಸಾಗರ ಕೈವಶವಾಯಿತು, ಅವರು ಉಳಿಯಲಿಲ್ಲ. ಇಪ್ಪತ್ತೊಂಬತ್ತು ತುಂಬಲು ಇನ್ನು ಕೆಲವೇ ವಾರಗಳಿದ್ದವು.

ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಆ ಯುದ್ಧದ ಪೂರ್ವ ರಂಗದಲ್ಲಿ ಈ ಗೌರವ ಪಡೆದವರು ಅವರೊಬ್ಬರೇ. 2000ದಲ್ಲಿ ಅಂಚೆಚೀಟಿ ಬಂತು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಡಲಾಯಿತು.

ಆದರೆ ಜಾರಿಯ ಮನೆಗೆ ಅವರ ದೇಹ ಬರಲೇ ಇಲ್ಲ. ಸಂಗಡಿಗರೊಂದಿಗೆ ಅವರನ್ನು ಅಗರ್ತಲದ ಹೊರವಲಯದಲ್ಲಿ ಹೂಳಲಾಗಿತ್ತು. ಎಳೆಯ ಮಗನನ್ನು ಎತ್ತಿಕೊಂಡಿದ್ದ ಪತ್ನಿಗೆ ಮೊಂಬತ್ತಿ ಹಚ್ಚಲು ಒಂದು ಸಮಾಧಿ ಇರಲಿಲ್ಲ. ನಲವತ್ನಾಲ್ಕು ವರ್ಷಗಳ ನಂತರ, 2015ರ ಡಿಸೆಂಬರಿನಲ್ಲಿ, ಅಲ್ಲಿಯ ಮಣ್ಣೆಂದು ಒಂದು ಕಲಶವನ್ನು ಊರಿಗೆ ತರಲಾಯಿತು. ಅದು ನಿಜವಾಗಿಯೂ ಅವರ ಸಮಾಧಿಯದೇ ಎಂದು ಕುಟುಂಬ ಪ್ರಶ್ನಿಸಿತು. ಅದನ್ನು ಹಟವೆನ್ನೋಣವೇ? ಪದಕ, ಪ್ರತಿಮೆ, ಭಾಷಣಗಳನ್ನು ಅವರು ನಿರಾಕರಿಸಿರಲಿಲ್ಲ. ತಮ್ಮವನು ಎಲ್ಲಿ ಮಲಗಿದ್ದಾನೆಂಬುದನ್ನು ಮಾತ್ರ ಖಚಿತವಾಗಿ ತಿಳಿಯಬಯಸಿದ್ದರು.

ನವೆಂಬರ್ ತಿಂಗಳಲ್ಲಿ ಅಗಲಿದವರ ಸಮಾಧಿಯನ್ನು ಗುಡಿಸಿ, ಹೂವಿರಿಸಿ, ಮೊಂಬತ್ತಿ ಬೆಳಗುವ ನಿಮಗೆ ಆ ಹಂಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೀರನ ಹೆಸರನ್ನು ನಾಡು ಚೌಕಕ್ಕೂ ದ್ವೀಪಕ್ಕೂ ಇಡಬಹುದು. ಮನೆಯವರಿಗೆ ಆತ ಮೊದಲು ಮಗ, ಗಂಡ, ತಂದೆ. ನಿಮ್ಮ ಊರಿನಲ್ಲೂ ಯುದ್ಧಕ್ಕೆ ಹೋಗಿ ಮರಳದವನೊಬ್ಬನಿರಬಹುದು. ಆತ ಯಾವ ಮನೆಯವನು, ಎಲ್ಲಿ ಮಡಿದ, ಎಲ್ಲಿ ಮಣ್ಣಾದ ಎಂದು ಹಿರಿಯರನ್ನು ಕೇಳಿ ತಿಳಿಯಿರಿ. ಬಲ್ಲವರು ಇರುವಾಗಲೇ ಬರೆದಿಡಿ. ಮುಂದೊಂದು ದಿನ ಆ ಮನೆಯ ಮಕ್ಕಳು ಅದನ್ನು ಹುಡುಕಿಕೊಂಡು ಬಂದಾರು.