ಸೊಲ್ಲಾಪುರ ರಸ್ತೆಯಲ್ಲೊಂದು ಉಕ್ತಲೇಖನ



ಸಮಾಜ ವಿಜ್ಞಾನದ ಮಾಸ್ತರನಾದ ನಾನು ವಾಕಿ-ಟಾಕಿಯ ಕುರಿತು ಬರೆಯುತ್ತಿರುವುದನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಶಾಲೆಯಲ್ಲಿ ಧ್ವನಿವರ್ಧಕ ಕೆಟ್ಟಾಗಲೆಲ್ಲ ವಿಜ್ಞಾನದ ಮಾಸ್ತರರನ್ನೇ ಕರೆಯಿಸುತ್ತಿದ್ದವನು ನಾನು. ಆದರೂ ಈ ವಿಷಯ ನಮ್ಮ ಮನೆಯ ಒಂದು ಜೀವಕ್ಕೆ ಸಂಬಂಧಿಸಿದ್ದಾದ್ದರಿಂದಲೂ, ಅದರ ಹಿಂದೆ ಇತಿಹಾಸವೊಂದು ಇರುವುದರಿಂದಲೂ ಬರೆಯುವ ಧೈರ್ಯ ಮಾಡಿದ್ದೇನೆ.

ಆಷಾಢ ಏಕಾದಶಿಗೆಂದು ವಿಜಯಪುರದಿಂದ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಗಳು ನಿಮಗೆಲ್ಲ ಗೊತ್ತು. ಸೊಲ್ಲಾಪುರ ರಸ್ತೆ ಹಿಡಿದು ಝಳಕಿಯವರೆಗೆ ಹೋಗಿ, ಅಲ್ಲಿಂದ ಚಡಚಣದ ಕಡೆಗೆ ಹೊರಳಿ ಮಂಗಳವೇಢೆಯ ಮಾರ್ಗವಾಗಿ ನಡೆಯುವ ನೂರು ಕಿಲೋಮೀಟರಿಗೂ ಮಿಕ್ಕ ದಾರಿ ಅದು. ನಮ್ಮ ಬಂಧುಗಳ ದಿಂಡಿಯಲ್ಲಿ ಎಂಬತ್ತು ತೊಂಬತ್ತು ಜನ ಇರುತ್ತಾರೆ. ಹರೆಯದವರು ಪತಾಕೆ ಹಿಡಿದು ಮುಂದೆ ಹೋದರೆ, ಮುದುಕರು ಹಿಂದೆ ಉಳಿಯುತ್ತಾರೆ. ಎರಡು ತುದಿಗಳ ನಡುವೆ ಮಧ್ಯಾಹ್ನದ ಹೊತ್ತಿಗೆ ಎರಡು ಮೂರು ಕಿಲೋಮೀಟರಿನ ಅಂತರ ಬೀಳುವುದು ಸಾಮಾನ್ಯ. ಮೊಬೈಲು ಇದೆಯಲ್ಲ ಎನ್ನುವಿರಿ. ಇದೆ, ಆದರೆ ತಾಳ ಮೃದಂಗದ ನಡುವೆ ಅದರ ಗಂಟೆ ಯಾರಿಗೂ ಕೇಳಿಸುವುದಿಲ್ಲ. ಅರ್ಧ ಜನರ ಮೊಬೈಲು ಸಾಮಾನಿನ ಟೆಂಪೋದಲ್ಲಿರುತ್ತದೆ.

2022ರಲ್ಲಿ ಇಬ್ಬರು ಹುಡುಗರು ಇದಕ್ಕೆ ಉಪಾಯ ಹುಡುಕಿ ವಾಕಿ-ಟಾಕಿಗಳ ಒಂದು ಜೋಡಿಯನ್ನು ತರಿಸಿದರು. ಡಬ್ಬದ ಮೇಲೆ ‘16 ಕಿಲೋಮೀಟರ್’ ಎಂದು ದೊಡ್ಡ ಅಕ್ಷರದಲ್ಲಿತ್ತು. ಎರಡನೆಯ ದಿನ ನನ್ನ ಸೋದರತ್ತೆ ತಲೆ ತಿರುಗಿ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಗುಳಿಗೆಯೂ ತಿನ್ನುವ ಪದಾರ್ಥವೂ ಮುಂದಿನ ಟೆಂಪೋದಲ್ಲಿ. ಹಿಂದಿದ್ದ ಹುಡುಗ ಗುಂಡಿ ಒತ್ತಿ, “ಮುಂದ ಹೋಗಬ್ಯಾಡ್ರಿ” ಎಂದ. ಮುಂದಿನವನಿಗೆ ಕೇಳಿಸಿದ್ದು “ಮುಂದ ಹೋಗ...” ಎಂಬಷ್ಟೇ. ಅವನು ಅದನ್ನು “ಹೋಗ್ರಿ” ಎಂದು ತಿಳಿದು “ಆತು” ಎಂದ. ಟೆಂಪೋ ಮತ್ತೆ ಮೂರು ಕಿಲೋಮೀಟರು ಮುಂದೆ ಹೋಯಿತು. ದಾರಿಹೋಕನೊಬ್ಬನ ಬೈಕು ಹತ್ತಿ ನಾನೇ ಹೋಗಿ ಗುಳಿಗೆ ತರುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಅತ್ತೆ ಬದುಕಿಕೊಂಡರು. ಆ ತಾಸನ್ನು ನಾನು ಮರೆತಿಲ್ಲ.

ತಪ್ಪು ಯಾರದು? ಹುಡುಗರು ಯಂತ್ರವನ್ನು ಬೈದರು. ನಾನು ಹುಡುಗರನ್ನು ಬೈದೆ. ಬಹಳ ದಿನ ಯೋಚಿಸಿದ ಮೇಲೆ ಹೊಳೆದದ್ದು ಇದು: ಆತುರದಲ್ಲಿ ಮಾತನಾಡುವವನು ಮಾತು ಮುಗಿಯುವ ಮುನ್ನವೇ ಗುಂಡಿಯಿಂದ ಬೆರಳು ತೆಗೆಯುತ್ತಾನೆ, ಕೊನೆಯ ಅಕ್ಷರಗಳು ಹೋಗುವುದೇ ಇಲ್ಲ. ಇಂಗ್ಲಿಷಿನಲ್ಲಿ ನಿಷೇಧದ ಮಾತು ವಾಕ್ಯದ ಮೊದಲಿಗೇ ಬರುತ್ತದೆ. ನಮ್ಮ ಕನ್ನಡದಲ್ಲಿ ‘ಬೇಡ’, ‘ಇಲ್ಲ’, ‘ಬಾರದು’ ಎಲ್ಲವೂ ಕ್ರಿಯಾಪದದ ಬಾಲದಲ್ಲಿ. ಬಾಲ ಕತ್ತರಿಸಿದರೆ ನಿಷೇಧವೇ ಅಪ್ಪಣೆಯಾಗಿಬಿಡುತ್ತದೆ! ವ್ಯಾಕರಣವನ್ನು ಇಷ್ಟು ಹತ್ತಿರದಿಂದ ನಾನೆಂದೂ ಕಂಡಿರಲಿಲ್ಲ.

ಈ ಯಂತ್ರದ ಚರಿತ್ರೆಯನ್ನು ಹುಡುಕತೊಡಗಿದ್ದು ಆ ಬಳಿಕ. ಕೆನಡಾದ ಡೊನಾಲ್ಡ್ ಹಿಂಗ್ಸ್ ಎಂಬಾತ 1937ರಲ್ಲಿ, ಕಾಡುಮೇಡುಗಳ ಮೇಲೆ ಹಾರುವ ಗಣಿ ಕಂಪನಿಯ ವಿಮಾನಗಳವರಿಗಾಗಿ, ಹೊತ್ತೊಯ್ಯಬಹುದಾದ ಮಾತಿನ ರೇಡಿಯೋ ಒಂದನ್ನು ಕಟ್ಟಿದ. ಅಮೆರಿಕೆಯಲ್ಲಿ ಆಲ್ ಗ್ರಾಸ್ ಎಂಬ ತರುಣನೂ ಅದೇ ಕಾಲದಲ್ಲಿ ಅಂಥದೇ ಪ್ರಯತ್ನದಲ್ಲಿದ್ದ. ಎರಡನೆಯ ಮಹಾಯುದ್ಧ ಬಂದಾಗ ಷಿಕಾಗೋದ ಗ್ಯಾಲ್ವಿನ್ ಕಂಪನಿ, ಅಂದರೆ ಮುಂದೆ ಮೋಟೊರೊಲಾ ಎಂಬ ಹೆಸರು ಪಡೆದ ಸಂಸ್ಥೆ, ಸೈನ್ಯಕ್ಕೆ ಎರಡು ಬಗೆಯ ಸೆಟ್ಟುಗಳನ್ನು ಮಾಡಿಕೊಟ್ಟಿತು. ಒಂದು ಬೆನ್ನಿಗೆ ಕಟ್ಟಿಕೊಳ್ಳುವ ಎಸ್.ಸಿ.ಆರ್. 300, ಸುಮಾರು 15 ಕಿಲೋಗಿಂತ ಹೆಚ್ಚು ಭಾರ. ‘ವಾಕಿ-ಟಾಕಿ’ ಎಂದು ಕರೆಯುತ್ತಿದ್ದದ್ದು ಅದನ್ನೇ. ಇನ್ನೊಂದು ಕೈಯಲ್ಲಿ ಹಿಡಿಯುವ ಎಸ್.ಸಿ.ಆರ್. 536, ಎರಡು ಕಿಲೋಗಿಂತ ತುಸು ಹೆಚ್ಚು ತೂಕ, ಅರ್ಧ ವಾಟ್‌ಗಿಂತಲೂ ಕಡಿಮೆ ಶಕ್ತಿ. ಅದರ ಮಾತು ನೆಲದ ಮೇಲೆ ಒಂದು ಮೈಲಿ, ನೀರಿನ ಮೇಲಾದರೆ ಮೂರು ಮೈಲಿ ಹೋಗುವುದೆಂದು ಸೈನ್ಯದವರು ಲೆಕ್ಕ ಹಿಡಿದಿದ್ದರು. ಯುದ್ಧಕಾಲದ ಆ ಮಾಪನದಲ್ಲಿದ್ದ ಪ್ರಾಮಾಣಿಕತೆ ಇಂದಿನ ಡಬ್ಬದ ಮೇಲಿಲ್ಲ. ಎಲ್ಲಿ ನಿಂತು ಅಳೆದದ್ದು ಎಂಬುದನ್ನು ಹೇಳದ ಅಳತೆ ಅಳತೆಯೇ ಅಲ್ಲ.

ದೂರದ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವರು ನಿವೃತ್ತ ಗಣಿತದ ಮಾಸ್ತರರೊಬ್ಬರು. ಈ ತರಂಗಗಳು ಬಹುಮಟ್ಟಿಗೆ ಕಣ್ಣಿನ ನೋಟದಂತೆ ನೇರ ಹೋಗುವಂಥವು. ಭೂಮಿ ದುಂಡಗಿರುವುದರಿಂದ ದಿಗಂತದಾಚೆಗೆ ಇಳಿಯಲಾರವು. ನಿಂತ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.6ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ಟು ಹಿಡಿದವನಿಗೆ ಸುಮಾರು 4.4 ಕಿಲೋಮೀಟರು. ಅಂಥ ಇಬ್ಬರ ನಡುವೆ ಅದರ ಇಮ್ಮಡಿ, ಒಂಬತ್ತರ ಆಸುಪಾಸು. ತರಂಗ ಗಾಳಿಯಲ್ಲಿ ತುಸು ಬಾಗುವುದರಿಂದ ಇನ್ನೊಂದು ಕಿಲೋಮೀಟರು ಸೇರಿಸಬಹುದಂತೆ. ಅದೂ ನಡುವೆ ದಿಬ್ಬ, ಗಿಡ, ಮನೆ ಯಾವುದೂ ಇಲ್ಲದಿದ್ದರೆ. ಹಾಗಿದ್ದರೆ 16 ಎಂಬ ಸಂಖ್ಯೆ ಎಲ್ಲಿಂದ ಬಂತು? ಒಬ್ಬ ಗುಡ್ಡದ ಮೇಲೆ, ಇನ್ನೊಬ್ಬ ಕಣಿವೆಯಲ್ಲಿ ನಿಂತರೆ ಬಂದೀತು.

ನಮ್ಮ ಊರಿನ ಉಪ್ಪಲಿ ಬುರುಜು ನನಗೆ ನೆನಪಾದದ್ದು ಈ ಲೆಕ್ಕ ಮಾಡುವಾಗ. 1584ರ ಸುಮಾರಿಗೆ ಹೈದರ್ ಖಾನನು ಕಟ್ಟಿಸಿದ, ಎಂಬತ್ತು ಅಡಿ ಎತ್ತರದ ಆ ಕಾವಲು ಗೋಪುರಕ್ಕೆ ಇದೇ ಸೂತ್ರ ಹಾಕಿದರೆ ಹದಿನೇಳೂವರೆ ಕಿಲೋಮೀಟರಿಗೂ ಮಿಕ್ಕ ದಿಗಂತ ದೊರೆಯುತ್ತದೆ. ಆದಿಲಶಾಹಿಯ ಕಾವಲುಗಾರನಿಗೆ ವರ್ಗಮೂಲ ಗೊತ್ತಿತ್ತೋ ಇಲ್ಲವೋ, ಎತ್ತರದ ಬೆಲೆ ಚೆನ್ನಾಗಿ ಗೊತ್ತಿತ್ತು.

ಇನ್ನು ಕಾಯ್ದೆಯ ಮಾತು. ನಮ್ಮ ಬಾಲ್ಯದಲ್ಲಿ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪುಸ್ತಕದಲ್ಲಿ ಮುದ್ರೆ ಒತ್ತಿಸಬೇಕಿದ್ದದ್ದು ಹಿರಿಯರಿಗೆ ನೆನಪಿದ್ದೀತು. ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವೆಂದದ್ದು 1933ರ ಕಾಯ್ದೆ. ಹಾಗಾಗಿ ವಾಕಿ-ಟಾಕಿ ಎಂದರೆ ಬಹುಕಾಲ ಪೊಲೀಸರ ಸೊಂಟದಲ್ಲಿ, ರೈಲಿನ ಗಾರ್ಡಿನ ಕೈಯಲ್ಲಿ ಕಂಡದ್ದೇ ಹೊರತು ನಮ್ಮಂಥವರಿಗೆ ಸಿಕ್ಕದ್ದಲ್ಲ. ಯುರೋಪಿನಲ್ಲಿ 1990ರ ದಶಕದ ಕೊನೆಗೇ ಸಾಮಾನ್ಯ ಜನರಿಗೆಂದು 446 ಮೆಗಾಹರ್ಟ್ಸಿನ ಒಂದು ಪಟ್ಟಿಯನ್ನು ಅರ್ಧ ವಾಟ್ ಮಿತಿಯೊಂದಿಗೆ ಬಿಟ್ಟುಕೊಟ್ಟರು. ನಮ್ಮಲ್ಲಿ 446.0ರಿಂದ 446.2 ಮೆಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ, ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ನಮ್ಮ ಹುಡುಗರು ತರಿಸಿದ್ದ ಸೆಟ್ಟು ಈ ಪಟ್ಟಿಯದಾಗಿರಲಿಲ್ಲ; ಯಾವ ತರಂಗಾಂತರಕ್ಕೆ ಬೇಕಾದರೂ ತಿರುಗಿಸಬಹುದಾದ ಬಗೆಯದು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂಥ ಸೆಟ್ಟುಗಳನ್ನು ಸರಿಯಾದ ವಿವರವಿಲ್ಲದೆ ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳಿಗೆ ನೋಟೀಸು ಕೊಟ್ಟು, ತರಂಗಾಂತರವನ್ನೂ ಪರವಾನಗಿಯ ಅಗತ್ಯವನ್ನೂ ಸ್ಪಷ್ಟವಾಗಿ ತೋರಿಸಬೇಕೆಂದು ಮಾರ್ಗಸೂಚಿ ಹೊರಡಿಸಿದ ಸುದ್ದಿಯನ್ನು ಓದಿದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು. ದೇವರ ದಾರಿಯಲ್ಲಿ ನಡೆಯುತ್ತಲೇ ಕಾಯ್ದೆ ಮುರಿದಿದ್ದೆವು! ಅಂದೇ ಅವನ್ನು ತೆಗೆದಿರಿಸಿ, ವಿನಾಯಿತಿಯ ಪಟ್ಟಿಯ ಅರ್ಧ ವಾಟಿನ ಜೋಡಿಯೊಂದನ್ನು ತರಿಸಿದೆವು.

ಈ ಸಲ ಪರೀಕ್ಷಿಸದೆ ಒಯ್ಯಬಾರದೆಂದು ಹಟ ಹಿಡಿದೆ. “ಕೇಳಸ್ತದೇನು?” “ಕೇಳಸ್ತದರಿ ಸರ” ಎಂಬ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಗೊತ್ತಿರುವ ಮಾತನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಅಮೆರಿಕೆಯ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು 1920ರ ದಶಕದಲ್ಲಿಯೇ ದೂರವಾಣಿಯನ್ನು ಅಳೆಯಲು ಅರ್ಥವಿಲ್ಲದ ಅಕ್ಷರಗಳನ್ನು ಓದಿ ಬರೆಸುತ್ತಿದ್ದರಂತೆ. ಯುದ್ಧಕಾಲದಲ್ಲಿ ಹಾರ್ವರ್ಡಿನವರು ಸೈನ್ಯದ ರೇಡಿಯೋಗಳಿಗಾಗಿ ಪದಗಳ ಪಟ್ಟಿಗಳನ್ನೇ ಸಿದ್ಧಪಡಿಸಿದರು. ಓದಿದಾಗ ನನಗೆ ನಗು ಬಂತು. ಇದು ನಾವು ಮೂವತ್ತು ವರ್ಷ ಮಾಡಿದ ಉಕ್ತಲೇಖನವೇ ಅಲ್ಲವೆ!

2025ರ ಜೂನಿನಲ್ಲಿ, ಮೃಗಶಿರಾ ಮಳೆ ಬಿಡುವು ಕೊಟ್ಟ ಒಂದು ಮುಂಜಾನೆ, ಊರ ಹೊರಗೆ ಸೊಲ್ಲಾಪುರ ರಸ್ತೆಯಲ್ಲಿ ನಾನು ನಿಂತೆ. ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನ ಮೇಲೆ ಹೊರಟು ಪ್ರತಿ ಕಿಲೋಮೀಟರಿಗೆ ನಿಂತು ನೋಟುಬುಕ್ಕು ತೆರೆಯುತ್ತಿದ್ದ. ನಾನು ಇಪ್ಪತ್ತು ಪದ ಓದುತ್ತಿದ್ದೆ: ಹತ್ತು, ಎತ್ತು, ಒತ್ತು, ಮುತ್ತು, ಸಾಲು, ಹಾಲು, ಕಾಲು, ಬಾವಿ, ಹಾವು... ಪ್ರತಿ ಸಲವೂ ಕ್ರಮ ಬದಲಿಸಿ. (ಅಲ್ಪಪ್ರಾಣ ಮಹಾಪ್ರಾಣಗಳಿಗೆ ಅಂಕ ಕಳೆಯಲಿಲ್ಲ, ಆ ಕಾದಾಟ ತರಗತಿಯಲ್ಲಿಯೇ ಸಾಕಾಗಿತ್ತು.) ಒಂದು ಕಿಲೋಮೀಟರಿಗೆ ಇಪ್ಪತ್ತಕ್ಕೆ 19, ಎರಡಕ್ಕೆ 17. ಮೂರನೆಯದರಲ್ಲಿ ರಸ್ತೆ ತುಸು ತಗ್ಗಿಗೆ ಇಳಿದಿತ್ತು. ಅಲ್ಲಿ ಬರಿಯ 6! ನಾಲ್ಕನೆಯದು ಏರಿನ ಮೇಲೆ. ಅಲ್ಲಿ ಮತ್ತೆ 14. ದೂರ ಹೆಚ್ಚಿದಾಗ ಅಂಕ ಏರಿದ್ದನ್ನು ನೋಡಿ ಅವನಿಗೆ ನಂಬಿಕೆಯಾಗದೆ, “ಸರ, ಇನ್ನೊಮ್ಮೆ ಓದ್ರಿ” ಎಂದ. ಮತ್ತೆ ಓದಿದೆ. 15 ಬಂತು.

ತಪ್ಪುಗಳಲ್ಲಿಯೂ ಒಂದು ನೇಮವಿತ್ತು. ‘ಸಾಲು’ ಹೋಗಿ ‘ಹಾಲು’ ಆಗಿದ್ದದ್ದು ಹತ್ತಿರದ ಪರೀಕ್ಷೆಯಲ್ಲಿಯೂ ಇತ್ತು. ಈ ಸೆಟ್ಟುಗಳು ಧ್ವನಿಯ ನಡುಭಾಗವನ್ನು ಮಾತ್ರ, ಸುಮಾರು 300ರಿಂದ 3000 ಹರ್ಟ್ಸಿನವರೆಗೆ, ಸಾಗಿಸುತ್ತವೆ. ‘ಸ’ಕಾರದ ಸೀಟಿಯಂಥ ಸದ್ದು ಅದರ ಮೇಲಿನದು. ಸ್ವರಗಳು ಮಾತ್ರ ಕೆಡಲಿಲ್ಲ.

ಮರುದಿನ ನಾನು ಉಪ್ಪಲಿ ಬುರುಜು ಹತ್ತಿದೆ. ಮೊಣಕಾಲು ನೋವಿನವನಿಗೆ ಆ ಸುತ್ತು ಮೆಟ್ಟಿಲುಗಳು ಸುಲಭವಲ್ಲ. ಮೇಲಿನ ಉದ್ದನೆಯ ತೋಪಿನ ಪಕ್ಕ ನಿಂತು ಓದಿದಾಗ, ಆರು ಕಿಲೋಮೀಟರು ದೂರದಿಂದ ಇಪ್ಪತ್ತಕ್ಕೆ 18 ಬಂದವು. ಕೆಳಗಿಳಿದು ಗಾಂಧಿ ಚೌಕದ ಕಟ್ಟಡಗಳ ನಡುವೆ ನಿಂತರೆ ಅರ್ಧ ಕಿಲೋಮೀಟರಿಗೇ 9. ಅದೇ ಸೆಟ್ಟು, ಅದೇ ಬ್ಯಾಟರಿ, ಅದೇ ಮಾಸ್ತರ.

ಈ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ದಿಂಡಿಗೆ ಕೆಲವು ಕಟ್ಟಳೆ ಮಾಡಿದೆವು. ಎರಡು ತುದಿಗಳ ಅಂತರ ಎರಡು ಕಿಲೋಮೀಟರು ಮೀರಬಾರದು; ತಗ್ಗಿನಲ್ಲಿ ನಿಂತು ಮಾತಾಡಬಾರದು; ಗುಂಡಿ ಒತ್ತಿ ‘ವಿಠ್ಠಲ’ ಎಂದು ಮನಸ್ಸಿನಲ್ಲಿ ಅಂದು ಆಮೇಲೆ ಬಾಯಿ ತೆರೆಯಬೇಕು, ಮುಗಿದ ಮೇಲೂ ಹಾಗೆಯೇ ಅಂದು ಬೆರಳು ತೆಗೆಯಬೇಕು; ಕೇಳಿದವನು ಕೇಳಿದ್ದನ್ನೇ ತಿರುಗಿ ಹೇಳಬೇಕು. ‘ಹೋಗಬ್ಯಾಡ್ರಿ’, ‘ಕೊಡಬ್ಯಾಡ್ರಿ’ ಎಂಬ ಮಾತುಗಳಿಗೆ ನಿಷೇಧ. ಅವುಗಳ ಬದಲು ‘ನಿಲ್ರಿ’ ಎಂದು ಎರಡು ಸಲ.

ಆ ವರ್ಷ ಏಕಾದಶಿ ಜುಲೈ 6ಕ್ಕೆ ಬಂದಿತ್ತು. ಝಳಕಿಯ ಹತ್ತಿರ ಒಮ್ಮೆ ಹಿಂದಿನಿಂದ “ನಿಲ್ರಿ, ನಿಲ್ರಿ” ಎಂದು ಬಂತು. “ನಿಲ್ರಿ ಅಂದ್ರಿ, ನಿಂತೀವಿ” ಎಂದು ಮುಂದಿನವರು ತಿರುಗಿ ಹೇಳಿದರು. ಯಾರದೋ ಚಪ್ಪಲಿ ಹರಿದಿತ್ತು, ಅಷ್ಟೆ. ಅತ್ತೆ ಈಗ ನಡೆಯುವುದಿಲ್ಲ, ಗುಳಿಗೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಟೆಂಪೋದಲ್ಲಿ ಕೂರುತ್ತಾರೆ. “ಚಪ್ಪಲಿಗೂ ಇಷ್ಟ ಗದ್ದಲ ಏನೋ ತಮ್ಮಾ?” ಎಂದು ನನ್ನನ್ನೇ ಕೇಳಿದರು.