ಬಿಳಿ ಚುಕ್ಕೆ ರೋಗ (ಅಕ್ವೇರಿಯಂ ಮೀನುಗಳು)

ಬಿಳಿ ಚುಕ್ಕೆ ರೋಗವು ಸಿಹಿನೀರಿನ ಮೀನುಗಳನ್ನು ಬಾಧಿಸುವ ಒಂದು ಪರಾವಲಂಬಿ ರೋಗ. ಮನೆಯ ಅಕ್ವೇರಿಯಂಗಳಲ್ಲಿ ಬಹು ಸಾಮಾನ್ಯವಾಗಿ ಕಂಡುಬರುವ ಕಾಯಿಲೆಗಳಲ್ಲಿ ಇದೂ ಒಂದು. ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಯಿಸ್ ಎಂಬ ಏಕಕೋಶಜೀವಿ ಇದಕ್ಕೆ ಕಾರಣ. ಈ ಜೀವಿಯನ್ನು ಫೂಕೆ ಎಂಬ ವಿಜ್ಞಾನಿ 1876ರಲ್ಲಿ ವಿವರಿಸಿ ಹೆಸರಿಸಿದನು. ಆರಂಭದಲ್ಲಿಯೇ ಗುರುತಿಸಿದರೆ ರೋಗವನ್ನು ಗುಣಪಡಿಸಬಹುದು. ಅಲಕ್ಷಿಸಿದರೆ ತೊಟ್ಟಿಯ ಮೀನುಗಳೆಲ್ಲವೂ ಸಾಯಬಹುದು. ಮನುಷ್ಯರಿಗೆ ಇದು ತಗಲುವುದಿಲ್ಲ.

ಜೀವನಚಕ್ರ

ಪರಾವಲಂಬಿಯು ಮೀನಿನ ಚರ್ಮ ಹಾಗೂ ಕಿವಿರುಗಳ ಹೊರಪದರದೊಳಗೆ ಸೇರಿ ಬೆಳೆಯುತ್ತದೆ. ಬಲಿತ ಮೇಲೆ ಮೀನಿನಿಂದ ಕಳಚಿ ತಳದ ಮರಳು, ಗಿಡಗಳ ಮೇಲೆ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಈ ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಒಂದೆರಡು ದಿನಗಳಲ್ಲಿ ಮೀನು ದೊರೆಯದಿದ್ದರೆ ಸಾಯುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡೀ ಚಕ್ರ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ತಣ್ಣೀರಿನಲ್ಲಿ ಹಲವು ವಾರ ಹಿಡಿಯುತ್ತದೆ. ಔಷಧವು ಮುಖ್ಯವಾಗಿ ಈಜುವ ಮರಿಗಳನ್ನು ಮಾತ್ರ ಕೊಲ್ಲಬಲ್ಲದು.

ಲಕ್ಷಣಗಳು ಮತ್ತು ಪತ್ತೆ

ಮೈ ಹಾಗೂ ಈಜುರೆಕ್ಕೆಗಳ ಮೇಲೆ ರವೆ ಉದುರಿಸಿದಂತೆ, ಒಂದು ಮಿಲಿಮೀಟರ್ ಮೀರದ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುಡಿಕೊಳ್ಳುತ್ತದೆ, ಆಹಾರ ಬಿಡುತ್ತದೆ. ಹತ್ತಿಯಂತಹ ಬೆಳವಣಿಗೆ ಶಿಲೀಂಧ್ರದ ಲಕ್ಷಣ; ಹೊಂಬಣ್ಣದ ಧೂಳಿನಂತಹ ಲೇಪ ವೆಲ್ವೆಟ್ ರೋಗದ್ದು. ಮರಿಮಾಡುವ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ನ ಕಿವಿರುಮುಚ್ಚಳದ ಮೇಲೆ ಏಳುವ ಬಿಳಿ ಗುಳ್ಳೆಗಳು ರೋಗವಲ್ಲ. ಚುಕ್ಕೆಗಳಿಲ್ಲದೆ ಎಲ್ಲ ಮೀನುಗಳೂ ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿದ್ದರೆ ಮೊದಲು ನೀರಿನ ಅಮೋನಿಯಾ, ಆಮ್ಲಜನಕಗಳನ್ನು ಶಂಕಿಸಬೇಕು. ಕಿವಿರಿಗೆ ಮಾತ್ರ ರೋಗ ತಗಲಿದಾಗಲೂ ಚುಕ್ಕೆ ಕಾಣದಿರಬಹುದು.

ಹಬ್ಬಲು ಕಾರಣಗಳು

ಪ್ರತ್ಯೇಕವಾಗಿಡದೆ ನೇರವಾಗಿ ಬಿಟ್ಟ ಹೊಸ ಮೀನಿನಿಂದಲೇ ರೋಗ ಬರುವುದು ಹೆಚ್ಚು. ಉಷ್ಣತೆಯ ಏರುಪೇರು ಮೀನಿನ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಂತಹ ಒಳನಾಡಿನ ತಾಲ್ಲೂಕುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಂಪಾಗಿದ್ದು, ಹೀಟರ್ ಇಲ್ಲದ ಸಣ್ಣ ತೊಟ್ಟಿ ಬೇಗ ತಣ್ಣಗಾಗುತ್ತದೆ. ಕೊಳವೆಬಾವಿಯ ಗಡಸು ನೀರಿನ ಪಿಎಚ್ ಹೆಚ್ಚಾಗಿದ್ದರೆ ಅಮೋನಿಯಾದ ವಿಷಶಕ್ತಿಯೂ ಹೆಚ್ಚುತ್ತದೆ.

ಚಿಕಿತ್ಸೆ

ಒಂದು ಮೀನಿಗೆ ಚುಕ್ಕೆ ಕಂಡರೂ ಇಡೀ ತೊಟ್ಟಿಗೆ ಚಿಕಿತ್ಸೆ ನೀಡಬೇಕು. ಉಷ್ಣವಲಯದ ಮೀನುಗಳಿದ್ದರೆ ನೀರನ್ನು ನಿಧಾನವಾಗಿ, ದಿನಕ್ಕೆ ಒಂದೆರಡು ಡಿಗ್ರಿಯಂತೆ, 30 ಡಿಗ್ರಿಗೆ ಏರಿಸಬಹುದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪು ಅಗತ್ಯ. ಲೀಟರಿಗೆ 2 ಗ್ರಾಂ ಉಪ್ಪನ್ನು ಕರಗಿಸಿ ಒಂದು ದಿನದಲ್ಲಿ ಮೂರು ಕಂತುಗಳಾಗಿ ಸೇರಿಸುವುದುಂಟು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ನೀರಿನ ಆಳವಿದ್ದರೆ ನೀರು 54 ಲೀಟರ್, ಉಪ್ಪು 108 ಗ್ರಾಂ. ಕ್ಯಾಟ್‌ಫಿಶ್, ಲೋಚ್ ಮೀನುಗಳು ಹಾಗೂ ಗಿಡಗಳು ಉಪ್ಪನ್ನು ಅಷ್ಟಾಗಿ ಸಹಿಸವು.

ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುವ ಔಷಧಗಳನ್ನು ಪೊಟ್ಟಣದ ಸೂಚನೆಯಂತೆಯೇ, ಫಿಲ್ಟರಿನ ಇದ್ದಿಲನ್ನು ತೆಗೆದು ಬಳಸಬೇಕು. ತಿನ್ನುವ ಮೀನಿಗೆ ಮ್ಯಾಲಕೈಟ್ ಗ್ರೀನ್ ಸಲ್ಲದು. ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸುವುದು ಸಾಮಾನ್ಯ ತಪ್ಪು. ಆಗ ಪರಾವಲಂಬಿ ಸತ್ತಿರುವುದಿಲ್ಲ, ತಳಕ್ಕೆ ಇಳಿದಿರುತ್ತದೆ. ಕೊನೆಯ ಚುಕ್ಕೆ ಕಂಡ ಮೇಲೂ ಒಂದು ವಾರ ಮುಂದುವರಿಸಬೇಕು. ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲಿ ಫಿಲ್ಟರನ್ನು ತಿಕ್ಕಿ ತೊಳೆದರೆ ಉಪಯುಕ್ತ ಬ್ಯಾಕ್ಟೀರಿಯಾ ನಾಶವಾಗಿ ಅಮೋನಿಯಾ ಏರುತ್ತದೆ. ಬದಲಿಗೆ ತಳದ ಕೊಳೆಯನ್ನು ಹೀರಿ, ಕಾಲುಭಾಗ ನೀರು ಬದಲಿಸಿ, ಹೊರತೆಗೆದಷ್ಟು ನೀರಿಗೆ ಮಾತ್ರ ಉಪ್ಪು ಸೇರಿಸಬೇಕು.

ಮುಂಜಾಗ್ರತೆ

ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಬೇಕು. ಬಲೆ, ಕೊಳವೆಗಳನ್ನು ಹಂಚಿಕೊಳ್ಳಬಾರದು. ಕ್ಲೋರಿನ್ ಬೆರೆಸಿದ ನಲ್ಲಿ ನೀರನ್ನೂ ಆಗತಾನೆ ಎತ್ತಿದ ಕೊಳವೆಬಾವಿ ನೀರನ್ನೂ ಒಂದು ದಿನ ಗಾಳಿಯಾಡಿಸಿಟ್ಟು ಬಳಸುವುದು ಒಳಿತು. ರೋಗಪೀಡಿತ ಮೀನನ್ನಾಗಲಿ ತೊಟ್ಟಿಯ ನೀರನ್ನಾಗಲಿ ಕೆರೆಗೆ ಬಿಡಬಾರದು. ಈ ಪರಾವಲಂಬಿ ಕಾಟ್ಲಾ, ರೋಹುಗಳಂತಹ ಸಾಕುಮೀನುಗಳಿಗೂ ತಗಲುತ್ತದೆ.