ಯಕೃತ್ತಿನ ರೋಗಿಗಳಲ್ಲಿ ಎಂಡೋಸ್ಕೋಪಿ ಚಿಕಿತ್ಸೆಯ ನಂತರದ ಸೋಂಕು

ದೀರ್ಘಕಾಲದ ಮದ್ಯಪಾನ, ಹೆಪಟೈಟಿಸ್ ಬಿ ಅಥವಾ ಸಿ, ಕೊಬ್ಬಿನ ಶೇಖರಣೆ ಮೊದಲಾದ ಕಾರಣಗಳಿಂದ ಯಕೃತ್ತು ಗಡುಸಾಗುವ ಸ್ಥಿತಿಗೆ ಸಿರೋಸಿಸ್ ಎನ್ನುತ್ತಾರೆ. ಕರುಳಿನಿಂದ ಬರುವ ರಕ್ತ ಇಂಥ ಯಕೃತ್ತಿನಲ್ಲಿ ಸರಾಗವಾಗಿ ಹರಿಯದೆ ಒತ್ತಡ ಹೆಚ್ಚಿ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ರಕ್ತವಾಂತಿಯಾಗುತ್ತದೆ ಅಥವಾ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಆಗ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಉಬ್ಬಿದ ನಾಳಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ನಮ್ಮ ಭಾಗದಲ್ಲಿ ಇದಕ್ಕೆ ‘ದುರ್ಬೀನು ಹಾಕುವುದು’ ಎನ್ನುವುದುಂಟು.

ಸೋಂಕು ಏಕೆ?

ಕರುಳಿನಿಂದ ನುಸುಳುವ ಬ್ಯಾಕ್ಟೀರಿಯಾಗಳನ್ನು ಆರೋಗ್ಯವಂತ ಯಕೃತ್ತು ಸೋಸಿ ನಾಶಪಡಿಸುತ್ತದೆ. ಸಿರೋಸಿಸ್ ಆದಾಗ ಈ ಶಕ್ತಿ ಕುಂದುತ್ತದೆ. ರಕ್ತಸ್ರಾವವು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜಲೋದರವಿದ್ದವರಲ್ಲಿ ಹೊಟ್ಟೆಯ ನೀರಿಗೇ ಸೋಂಕು ತಗಲಬಹುದು. ಸೂಜಿಯಿಂದ ತೆಗೆದ ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಕಣಗಳಿದ್ದರೆ ತಕ್ಷಣ ಚಿಕಿತ್ಸೆ ಆರಂಭಿಸುತ್ತಾರೆ.

ಆದ್ದರಿಂದಲೇ ರಕ್ತಸ್ರಾವದಿಂದ ದಾಖಲಾದ ಸಿರೋಸಿಸ್ ರೋಗಿಗೆ ಆರಂಭದಿಂದಲೇ, ಗರಿಷ್ಠ 7 ದಿನಗಳವರೆಗೆ, ಆ್ಯಂಟಿಬಯಾಟಿಕ್ ನೀಡುವ ಕ್ರಮವಿದೆ. ಇದರಿಂದ ಸೋಂಕು, ಮರುರಕ್ತಸ್ರಾವ ಹಾಗೂ ಸಾವಿನ ಪ್ರಮಾಣ ಕಡಿಮೆಯಾಗುತ್ತವೆ. ರಕ್ತಸ್ರಾವವಿಲ್ಲದೆ ಮುನ್ನೆಚ್ಚರಿಕೆಗಾಗಿ ಮಾಡುವ ಬ್ಯಾಂಡಿಂಗ್‌ಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ.

ಮನೆಗೆ ಬಂದ ಮೇಲೆ

ಜ್ವರ, ಚಳಿನಡುಕ, ಹೊಟ್ಟೆನೋವು, ಹೊಟ್ಟೆಯ ಉಬ್ಬರ, ಮೂತ್ರ ಕಡಿಮೆಯಾಗುವುದು, ಮಂಪರು, ತೊದಲು ಮಾತು – ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರನ್ನು ಕಾಣಬೇಕು. ಕೆಲವೊಮ್ಮೆ ಜ್ವರವಿಲ್ಲದೆಯೂ ಸೋಂಕು ಇರುತ್ತದೆ. ಬ್ಯಾಂಡ್ ಉದುರಿದ ಜಾಗದ ಹುಣ್ಣಿನಿಂದ ಒಂದೆರಡು ವಾರಗಳಲ್ಲಿ ಮತ್ತೆ ರಕ್ತ ಬರಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಈ ರೋಗಿಗಳ ಮೂತ್ರಪಿಂಡಕ್ಕೆ ಹಾನಿಕರ. ಅವುಗಳನ್ನು ತಾವಾಗಿಯೇ ಕೊಡಬಾರದು.

ಭಾಷೆಯ ತೊಡಕು

ಅಕ್ಕಲಕೋಟ ತಾಲೂಕಿನ ನಮ್ಮ ಅನೇಕ ಕುಟುಂಬಗಳಿಗೆ ಮನೆಯಲ್ಲಿ ಕನ್ನಡ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮರಾಠಿ, ಚೀಟಿಯಲ್ಲಿ ಇಂಗ್ಲಿಷ್. ಮರಾಠಿಯ ‘ತಾಪ’ ಎಂದರೆ ಜ್ವರ, ‘ಕಾವೀಳ’ ಎಂದರೆ ಕಾಮಾಲೆ, ‘ಗುಂಗಿ’ ಎಂದರೆ ಮಂಪರು. ಬಿಡುಗಡೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿರಿ: ಆ್ಯಂಟಿಬಯಾಟಿಕ್ ಎಷ್ಟು ದಿನ? ಯಾವ ಲಕ್ಷಣ ಕಂಡರೆ ಮರಳಿ ಬರಬೇಕು? ಮುಂದಿನ ಬ್ಯಾಂಡಿಂಗ್ ಯಾವಾಗ? ರಾತ್ರಿ ರಕ್ತವಾಂತಿಯಾದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಕಲಿಸಿರಿ.